ಎರಡನೇ ಪ್ರತಿ

ಸರ್ಕಾರದ ಪರವಾಗಿ ನಾನು ಆಡಿದ ಮೊದಲ ಮಾತಿಗೆ ಇಡೀ ಕೋರ್ಟು ನಕ್ಕಿತ್ತು.

ಕಾಸರಗೋಡಿನ ಜಿಲ್ಲಾ ನ್ಯಾಯಾಲಯದಲ್ಲಿ ಆಗ ಪದ್ಮನಾಭ ಸರ್ ಪ್ರಾಸಿಕ್ಯೂಟರ್. ಅವರ ಹತ್ತಿರ ಕೆಲಸ ಕಲಿಯಲು ಸೇರಿ ನನಗೆ ಒಂದು ವಾರವೂ ಆಗಿರಲಿಲ್ಲ. ಅಂದು ಅವರು ಪಕ್ಕದ ಕೋರ್ಟಿನಲ್ಲಿ ಸಾಕ್ಷಿಯೊಬ್ಬರ ವಿಚಾರಣೆಯಲ್ಲಿದ್ದರು. “ಬರೇ ವಾಯಿದೆ ಕೇಳ್ಲಿಕ್ಕೆ ಅಷ್ಟೆ, ನೀನೇ ಹೋಗಿ ಬಾ ವಾರಿಜಾ” ಎಂದು ನನ್ನನ್ನು ಕಳಿಸಿದರು. ಕಳ್ಳಭಟ್ಟಿಯ ಕೇಸು. ಇಬ್ಬರು ಆರೋಪಿಗಳಲ್ಲಿ ಒಬ್ಬ ಮಾತ್ರ ಬಂದು ನಿಂತಿದ್ದ. ನ್ಯಾಯಾಧೀಶರು ತಲೆಯೆತ್ತಿ ಮಲಯಾಳದಲ್ಲಿ ಕೇಳಿದರು, ಎರಡನೇ ಪ್ರತಿ ಎಲ್ಲಿ?

ಮಲಯಾಳದಲ್ಲಿ ಪ್ರತಿ ಎಂದರೆ ಆರೋಪಿ. ನನಗೆ ಗೊತ್ತಿದ್ದದ್ದು ಕನ್ನಡದ ಪ್ರತಿ, ಕಾಗದದ ನಕಲು. ಧೈರ್ಯವಾಗಿ ಹೇಳಿದೆ: “ಆಫೀಸಿನ ಕಪಾಟಿನಲ್ಲಿ ಹಾಕಿ ಬೀಗ ಹಾಕಿದ್ದೇವೆ ಸರ್.”

ಮೊದಲು ನಕ್ಕವನು ಕಟಕಟೆಯಲ್ಲಿದ್ದ ಆರೋಪಿ. ಮತ್ತೆ ವಕೀಲರು, ಗುಮಾಸ್ತರು, ಬಾಗಿಲ ಬಳಿಯ ಪೊಲೀಸರು. ನ್ಯಾಯಾಧೀಶರು ನಗಲಿಲ್ಲ, ಕನ್ನಡಕ ತೆಗೆದು ಒರೆಸಿ, “ದಯವಿಟ್ಟು ಅವನಿಗೆ ಊಟವಾದರೂ ಕೊಡಿ” ಎಂದರು.

ಸಂಜೆ ಪದ್ಮನಾಭ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, “ಅಕ್ಷರ ಕಲಿ ಮಾರಾಯ್ತಿ” ಎಂದರು. “ಮಾತು ಬಂದರೆ ಸಾಲದು. ಇಲ್ಲಿ ಪೊಲೀಸರು ಬರೆಯುವುದೆಲ್ಲ ಮಲಯಾಳದಲ್ಲಿ. ಅದನ್ನು ಬೇರೆಯವರು ಓದಿ ಹೇಳಿದ ಹಾಗೆ ನಂಬಿಕೊಂಡು ಕೂತರೆ ನಿನ್ನಿಂದ ಯಾರಿಗೆ ಎಂತ ಪ್ರಯೋಜನ ಉಂಟು?”

ನಾನು ಹೊಸಂಗಡಿ ಕಡೆಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾನೂನು ಓದಿದ್ದು ಮಂಗಳೂರಿನಲ್ಲಿ ಇಂಗ್ಲಿಷಿನಲ್ಲಿ. ಮಲಯಾಳ ನನಗೆ ಕಿವಿಯಿಂದ ಬಂದ ಭಾಷೆ. ಕಣ್ಣಿಗೆ ಅದು ಸುತ್ತಿಟ್ಟ ಹಗ್ಗದ ಹಾಗೆ ಕಾಣುತ್ತಿತ್ತು. ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ಸಿನ ಬೋರ್ಡುಗಳಿಂದ ಅಕ್ಷರ ಕಲಿತೆ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತಿದ್ದುದರಿಂದ ಊರಿನ ಹೆಸರಿನ ಮೇಲೆ ಕಣ್ಣಾಡಿಸಿ ಒಂದೊಂದೇ ಅಕ್ಷರ ಹೆಕ್ಕಬಹುದಿತ್ತು. ಕಂಡಕ್ಟರುಗಳು, “ಹತ್ತುವುದಿದ್ದರೆ ಹತ್ತಿ ಅಕ್ಕ, ಬೋರ್ಡು ನೋಡಿ ಎಂತ ಮಾಡ್ತೀರಿ?” ಎಂದು ಬೈಯುತ್ತಿದ್ದರು. ಇವತ್ತಿಗೂ ಮಲಯಾಳದ ಕೆಲವು ಅಕ್ಷರ ಕಂಡರೆ ನನಗೆ ಡೀಸೆಲ್ ವಾಸನೆ ಬರುತ್ತದೆ.

ಇದನ್ನೆಲ್ಲ ಬರೆಯಲು ಕಾರಣ, ಹೊಸದಾಗಿ ಪ್ರಾಸಿಕ್ಯೂಟರ್ ಕೆಲಸಕ್ಕೆ ಸೇರಿದ ಕೆಲವು ಹುಡುಗ ಹುಡುಗಿಯರು. ಮಂಡಿನೋವಿನಿಂದ ನಾನು ಕೋರ್ಟು ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವರು ಆಗಾಗ ಬಂದು ಮಾತಾಡಿಸುತ್ತಾರೆ. ಭಯೋತ್ಪಾದನೆ ತಡೆಯುವ ಕಾನೂನಿನ ಕೇಸುಗಳನ್ನು ಹೇಗೆ ನಡೆಸಬೇಕು, ಬರೆದು ಕೊಡಿ ಎಂದು ಕೇಳಿದರು. ಕಾನೂನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಬೇಕಾದ ತೀರ್ಪು ಫೋನಿನಲ್ಲಿ ಕ್ಷಣದಲ್ಲಿ ಹುಡುಕುತ್ತಾರೆ. ಹಾಗಾಗಿ ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ಪದ್ಮನಾಭ ಸರ್ ಅವರಿಂದ ಕಲಿತದ್ದು ಒಂದೆರಡಲ್ಲ. ಆರೋಪಿಯನ್ನು ಪೊಲೀಸರು ಕೋರ್ಟಿಗೆ ಕರೆತರುವಾಗ ಅವರು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಒಮ್ಮೆ ಕಳ್ಳತನದ ಕೇಸಿನಲ್ಲಿ ಹಿಡಿದ ಒಬ್ಬನನ್ನು ತಂದಾಗ ಅವನು ಪಾದದ ಅಂಚಿನಲ್ಲಿ ನಡೆಯುತ್ತಿದ್ದ, ಕಾದ ಮರಳಿನ ಮೇಲೆ ನಡೆಯುವವರ ಹಾಗೆ. ಅಂಗಾಲಿಗೆ ಲಾಠಿ ಏಟು ಬಿದ್ದವರ ನಡಿಗೆ ಅದು. ಪದ್ಮನಾಭ ಸರ್ ಎದ್ದು ನಿಂತು, “ಇವನನ್ನು ಮೊದಲು ಡಾಕ್ಟರಿಗೆ ತೋರಿಸಬೇಕೆಂದು ಪ್ರಾಸಿಕ್ಯೂಷನ್ನೇ ಕೇಳಿಕೊಳ್ಳುತ್ತದೆ” ಎಂದರು. ಕರೆತಂದ ಪೊಲೀಸರ ಮುಖ ಕಪ್ಪಿಟ್ಟಿತು. ನನಗೆ ಗಾಬರಿ. ಹೊರಗೆ ಬಂದ ಮೇಲೆ, “ಅವರು ನಮ್ಮವರಲ್ಲವಾ ಸರ್?” ಎಂದು ಕೇಳಿದೆ.

“ನಮ್ಮವರೇ. ಅದಕ್ಕೇ ನಾನು ಹೇಳಿದ್ದು. ಬೇರೆಯವರು ಹೇಳಿದರೆ ಅವರಿಗೆ ಅವಮಾನ ಅಲ್ವಾ?”

ಆಗ ಕಣ್ಣೂರಿನ ಜೈಲಿನಿಂದ ಆರೋಪಿಗಳನ್ನು ರೈಲಿನಲ್ಲಿ, ಬಸ್ಸಿನಲ್ಲಿ ಕರೆತರುತ್ತಿದ್ದರು. ಪೊಲೀಸರೂ ಆರೋಪಿಗಳೂ ಒಂದೇ ಬೆಂಚಿನಲ್ಲಿ ಕೂತು ಗೋಳಿಬಜೆ ತಿನ್ನುವುದನ್ನು ಕೋರ್ಟಿನ ಕ್ಯಾಂಟೀನಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮನೆಯವರು ದೂರದಿಂದ ಬಂದು ಮರದ ಕೆಳಗೆ ಕಾಯುತ್ತಿದ್ದರು. ಮಗುವನ್ನು ಎತ್ತಿ ತೋರಿಸುತ್ತಿದ್ದರು. ನಾನು ಕೆಲಸ ಬಿಡುವ ಹೊತ್ತಿಗೆ ಹೆಚ್ಚಿನ ಹಾಜರಿಗಳು ಟಿವಿ ಪರದೆಯಲ್ಲೇ ನಡೆಯುತ್ತಿದ್ದವು. ಖರ್ಚು ಉಳಿಯಿತು, ಕೆಲಸ ಬೇಗವಾಯಿತು. ಆದರೆ ಪರದೆಯಲ್ಲಿ ಕಾಲು ಕಾಣುವುದಿಲ್ಲ.

ಪದ್ಮನಾಭ ಸರ್ ನಿವೃತ್ತರಾಗಿ ಎಷ್ಟೋ ವರ್ಷಗಳ ನಂತರ ಅದೇ ಕುರ್ಚಿಗೆ ನಾನು ಬಂದೆ. ಆ ಕಾಲದಲ್ಲಿ ನನ್ನ ಮನಸ್ಸಿನಲ್ಲಿ ಅಚ್ಚಾಗಿ ಉಳಿದ ಕೇಸು ಸ್ಟೀಲ್ ಬಾಂಬಿನದು.

ಜಾನಕಿಯಮ್ಮ ಎಂಬ ಹೆಂಗಸು ಗುಡ್ಡದ ಬದಿಯಲ್ಲಿ ದನದ ಹಟ್ಟಿಗೆ ತರಗೆಲೆ ಗುಡಿಸುತ್ತಿದ್ದಾಗ ಎಲೆಯ ಅಡಿಯಲ್ಲಿ ಒಂದು ಸ್ಟೀಲಿನ ಡಬ್ಬಿ ಸಿಕ್ಕಿತು. ಯಾರೋ ಕೆಲಸದವರು ಬುತ್ತಿ ಮರೆತು ಹೋಗಿದ್ದಾರೆಂದು ತಿಳಿದು ಮುಚ್ಚಳ ತಿರುಗಿಸಿದರು. ಬಲಗೈ ಮಣಿಕಟ್ಟಿನವರೆಗೆ ಹೋಯಿತು, ಒಂದು ಕಣ್ಣು ಹೋಯಿತು. ಹುಡುಕಿದಾಗ ಅಂಥದೇ ಡಬ್ಬಿಗಳು ಇನ್ನೂ ಸಿಕ್ಕವು. ತಯಾರಿಸಿ ಅಡಗಿಸಿಟ್ಟವರು ಒಂದು ಗುಂಪು. ಜನಸಂದಣಿಯ ಒಂದು ಜಾಗದಲ್ಲಿ ಅವನ್ನು ಸಿಡಿಸುವ ಯೋಜನೆಯ ನಕ್ಷೆಯೂ ಪೊಲೀಸರ ಕೈಗೆ ಬಂತು. ತನಿಖೆ ನಡೆಸಿದವರು ಡಿವೈಎಸ್ಪಿ ರಾಘವನ್. ಪಯ್ಯನ್ನೂರು ಕಡೆಯವರು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಸಿಗರೇಟು ಬಿಟ್ಟು ಕಡಲೆ ಮಿಠಾಯಿ ಹಿಡಿದವರು. ಅವರ ಕಡತಗಳಲ್ಲೆಲ್ಲ ಬೆಲ್ಲದ ಅಂಟು.

ಕೇಸು ದಾಖಲಾದದ್ದು ಭಯೋತ್ಪಾದನೆ ತಡೆಯುವ ಕಾಯ್ದೆಯಡಿ. ಆ ಕಾಯ್ದೆಯಲ್ಲಿ ಒಂದು ಮಾತಿದೆ. ಹಿಡಿದವರ ಮೇಲೆ ತೊಂಬತ್ತು ದಿನದೊಳಗೆ ಆರೋಪಪಟ್ಟಿ ಹಾಕಲು ಆಗದಿದ್ದರೆ ಪೊಲೀಸರು ಇನ್ನೂ ತೊಂಬತ್ತು ದಿನ ಕೇಳಬಹುದು, ಆರೋಪಿ ಅಷ್ಟೂ ಕಾಲ ಜೈಲಿನಲ್ಲೇ ಇರುತ್ತಾನೆ; ಅದು ಸಿಗದಿದ್ದರೆ ಅವನಿಗೆ ಜಾಮೀನು ಕೊಡಲೇಬೇಕು. ಆದರೆ ಅದನ್ನು ಪೊಲೀಸರು ನೇರವಾಗಿ ಕೇಳುವ ಹಾಗಿಲ್ಲ. ತನಿಖೆ ಎಲ್ಲಿಗೆ ಬಂತು, ಈ ಮನುಷ್ಯನನ್ನು ಇನ್ನೂ ಒಳಗೆ ಇಡಬೇಕಾದ ನಿರ್ದಿಷ್ಟ ಕಾರಣ ಯಾವುದು ಎಂದು ಪ್ರಾಸಿಕ್ಯೂಟರ್ ತಾನೇ ನೋಡಿ, ತಾನೇ ವರದಿ ಬರೆದು ಕೋರ್ಟಿಗೆ ಕೊಡಬೇಕು. ದೇಶಕ್ಕೆ ಬೇಕಾದ ಬಿಗಿಯೂ ಮನುಷ್ಯನಿಗೆ ಬೇಕಾದ ರಕ್ಷಣೆಯೂ ಆ ಒಂದು ವರದಿಯಲ್ಲಿ ಎದುರುಬದುರಾಗಿ ಕೂತಿರುತ್ತವೆ. ನಡುವೆ ಕೂತವರು ನೀವು.

ಬಾಂಬಿನ ಕೇಸಿನಲ್ಲಿ ನಾನು ಆ ವರದಿ ಬರೆದೆ. ರಾಘವನ್ ಅವರ ಜೊತೆ ಆ ಗುಡ್ಡಕ್ಕೆ ಹೋಗಿ ಬಂದೆ. ಪ್ರಯೋಗಾಲಯದ ವರದಿ ಬಂದಿರಲಿಲ್ಲ. ಒಬ್ಬ ಆರೋಪಿ ಗಲ್ಫಿಗೆ ಕಳಿಸಿದ ಸಂದೇಶಗಳ ವಿವರ ಅಲ್ಲಿಂದ ಬರಬೇಕಿತ್ತು. ಇಬ್ಬರು ಸಾಕ್ಷಿಗಳ ಮನೆಗೆ ಆಗಲೇ ಬೆದರಿಕೆ ಹೋಗಿತ್ತು. ಒಂದೊಂದು ಕಾರಣಕ್ಕೂ ಒಂದೊಂದು ವಾಕ್ಯ ಕೂರಿಸಿ, ಹೊಡೆದು ಹಾಕಿ, ಪುನಃ ಬರೆದೆ. ನ್ಯಾಯಾಧೀಶರು ಓದಿ, ಅವಧಿ ವಿಸ್ತರಿಸಿದರು. ಆ ಕಾಲಾವಕಾಶ ಸಿಗದಿದ್ದರೆ ಆ ಕೇಸು ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಮುಂದೆ ಶಿಕ್ಷೆಯೂ ಆಯಿತು.

ವಿಚಾರಣೆಯ ದಿನ ಜಾನಕಿಯಮ್ಮ ಬಂದು ಸಾಕ್ಷಿ ಹೇಳಿದರು. ಹೇಳಿಕೆಗೆ ಸಹಿ ಹಾಕುವಾಗ ಅಭ್ಯಾಸಬಲದಿಂದ ಬಲಗೈಯನ್ನೇ ಮುಂದೆ ಚಾಚಿದರು. ಸೆರಗಿನಿಂದ ಹೊರಗೆ ಬಂದದ್ದು ಮೊಂಡು ತೋಳು. ನಾಚಿಕೊಂಡು ಒಳಗೆ ಎಳೆದುಕೊಂಡು, “ಮರೆತೇ ಹೋಗ್ತದೆ ನೋಡಿ” ಎಂದು ನಮ್ಮೆಲ್ಲರ ಹತ್ತಿರ ಕ್ಷಮೆ ಕೇಳುವ ಹಾಗೆ ನಕ್ಕರು. ಆ ಕಾನೂನೇ ಬೇಡ ಎನ್ನುವವರ ಮಾತು ಕೇಳುವಾಗಲೆಲ್ಲ ನನಗೆ ಆ ತೋಳು ನೆನಪಾಗುತ್ತದೆ. ಅದಕ್ಕೇ ಅಂಥವರ ಜೊತೆ ನಾನು ಪೂರ್ತಿ ಒಪ್ಪಿದ್ದಿಲ್ಲ.

ಎರಡು ವರ್ಷ ಕಳೆದ ಮೇಲೆ ಪುಷ್ಪಲತಾಳ ಕೇಸು ಬಂತು.

ದೇಲಂಪಾಡಿಯ ಕಾಡಂಚಿನಲ್ಲಿ ಒಂದು ಕಲ್ಲುಕೋರೆ. ಅಲ್ಲಿನ ಶೆಡ್ಡಿಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕಾವಲುಗಾರನ ಎರಡೂ ಕಾಲು ಸುಟ್ಟವು. ಸುತ್ತಮುತ್ತ ಮಲಯಾಳದ ಕರಪತ್ರಗಳು ಬಿದ್ದಿದ್ದವು, ನಿಷೇಧಿತ ಸಂಘಟನೆಯೊಂದರ ಹೆಸರಿನಲ್ಲಿ. ಊರಿನ ಕೆಲವರ ಹೆಸರು ಬರೆದು, ಮುಂದಿನ ಸರದಿ ನಿಮ್ಮದು ಎಂದಿತ್ತು. ಅದನ್ನು ಓದಿ ನನಗೂ ಹೆದರಿಕೆಯಾಯಿತು. ಹೆಸರು ಬಂದವರ ಮಕ್ಕಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದ್ದರು.

ಈ ಕೇಸೂ ರಾಘವನ್ ಅವರ ಕೈಗೇ ಬಂತು. ಕರಪತ್ರಗಳ ಎಡ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಒಂದು ಕಪ್ಪು ಗೆರೆ ಇರುವುದನ್ನು ಅವರು ಗಮನಿಸಿದರು. ಜೆರಾಕ್ಸ್ ಯಂತ್ರದ ಒಳಗೆ ಗೀರು ಬಿದ್ದರೆ ಪ್ರತಿಯೊಂದು ಹಾಳೆಯಲ್ಲೂ ಅದು ಮೂಡುತ್ತದೆ. ಜಿಲ್ಲೆಯ ಜೆರಾಕ್ಸ್ ಅಂಗಡಿಗಳನ್ನೆಲ್ಲ ಜಾಲಾಡಿ, ಕೊನೆಗೆ ಆ ಗೆರೆ ಹೊಸಂಗಡಿಯ ಒಂದು ಸಣ್ಣ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿ ನಡೆಸುತ್ತಿದ್ದವಳು ಪುಷ್ಪಲತಾ. ಗಂಡ ತೀರಿಹೋದ ಮೇಲೆ ಸ್ವಸಹಾಯ ಸಂಘದಿಂದ ಸಾಲ ಪಡೆದು ಹಳೆಯ ಯಂತ್ರವೊಂದನ್ನು ಹಾಕಿಕೊಂಡವಳು. ಒಬ್ಬಳು ಮಗಳು, ತಾಯಿ.

ಹೆಲ್ಮೆಟ್ ತೆಗೆಯದ ಒಬ್ಬ ಮನುಷ್ಯ ಬಂದು ಒಂದು ಹಾಳೆ ಕೊಟ್ಟು, ಬಹಳಷ್ಟು ಪ್ರತಿ ಮಾಡಿಸಿಕೊಂಡು ಹೋದ ಎಂದು ಅವಳು ಹೇಳಿದಳು. ಯಾರೆಂದು ಗೊತ್ತಿಲ್ಲ, ಏನು ಬರೆದಿತ್ತೆಂದು ಗೊತ್ತಿಲ್ಲ, ಮಲಯಾಳ ಓದಲು ಬರುವುದಿಲ್ಲ. ಹೆಲ್ಮೆಟ್ಟಿನವನು ಮೊದಲ ಆರೋಪಿಯಾದ. ಅವನಿಗೆ ಹೆಸರಿಲ್ಲ. ಪುಷ್ಪಲತಾ ಎರಡನೆಯವಳು, ಅವಳನ್ನು ಹಿಡಿದು ಕಣ್ಣೂರಿಗೆ ಕಳಿಸಿದರು. ಈ ಕಾಯ್ದೆಯಲ್ಲಿ ಜಾಮೀನು ಸುಲಭವಲ್ಲ. ಅವಳ ವಕೀಲ ಹಾಕಿದ ಅರ್ಜಿ ಬಿದ್ದುಹೋಯಿತು. ಅರ್ಜಿಯನ್ನು ವಿರೋಧಿಸಿ ವಾದಿಸಿದವಳು ನಾನೇ. ಆಗ ತನಿಖೆ ಎಳೆಯದಾಗಿತ್ತು, ಅವಳ ಫೋನು ಇನ್ನೂ ಪರಿಶೀಲನೆಯಲ್ಲಿತ್ತು. ಆ ವಾದ ಸರಿ ಎಂದೇ ಇವತ್ತೂ ನನಗನಿಸುತ್ತದೆ.

ತೊಂಬತ್ತು ದಿನ ತುಂಬಲು ಸ್ವಲ್ಪವೇ ಸಮಯ ಇರುವಾಗ ರಾಘವನ್ ನನ್ನ ಕೋಣೆಗೆ ಬಂದರು. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ಒಂದು ಕರಡು ವರದಿಯನ್ನು ಮೇಜಿನ ಮೇಲಿಟ್ಟು, “ಎಲ್ಲ ಸಿದ್ಧ ಮಾಡಿ ತಂದಿದ್ದೇನೆ ಮೇಡಂ. ಸಹಿ ಹಾಕಿದರೆ ಸಾಕು” ಎಂದರು. ಅವರು ಮಲಯಾಳದಲ್ಲಿ ಮಾತಾಡಿದ್ದು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಓದತೊಡಗಿದೆ. ಬಹಳ ಚೆನ್ನಾಗಿತ್ತು. ಎರಡನೆಯ ಪುಟಕ್ಕೆ ಬರುವಾಗ ಎಲ್ಲೋ ಓದಿದ ಹಾಗೆ ಅನಿಸಿತು. ಮೂರನೆಯ ಪುಟದಲ್ಲಿ, ಆತನನ್ನು ಬಿಡುಗಡೆ ಮಾಡಿದರೆ ಸಾಕ್ಷಿಗಳ ಪ್ರಾಣಕ್ಕೆ ಅಪಾಯವಿದೆ ಎಂಬ ಮಾತು ಬಂತು.

“ಆತ ಯಾರು?” ಎಂದೆ.

ರಾಘವನ್ ಬಗ್ಗಿ ನೋಡಿದರು. “ಅಯ್ಯೋ, ಆಕೆ ಎಂದಾಗಬೇಕು. ಟೈಪು ಮಾಡಿದವನ ತಪ್ಪು.”

“ಟೈಪು ಮಾಡಿದವನ ತಪ್ಪಲ್ಲ. ಇದು ನಾನು ಬರೆದದ್ದು. ಬಾಂಬಿನ ಕೇಸಿನಲ್ಲಿ.”

ಅವರಿಗೆ ಸ್ವಲ್ಪವೂ ಮುಜುಗರವಾಗಲಿಲ್ಲ. ನನ್ನನ್ನು ಹೊಗಳುವ ಸ್ವರದಲ್ಲಿ ಹೇಳಿದರು: “ಹೌದು ಮೇಡಂ. ಅಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ. ಕೋರ್ಟು ಒಪ್ಪಿದ ವರದಿ. ಅದಕ್ಕೇ ಕಂಪ್ಯೂಟರಿನಲ್ಲಿ ಮಾದರಿ ಮಾಡಿ ಇಟ್ಟುಕೊಂಡಿದ್ದೇವೆ. ಹೆಸರು, ನಂಬರು ಬದಲಿಸಿದರೆ ಆಯಿತು.”

ಮೂರನೆಯ ಪುಟವನ್ನು ಪುನಃ ಓದಿದೆ. ಗುಡ್ಡ ಹತ್ತಿ ಇಳಿದು, ಒಂದೊಂದು ಶಬ್ದವನ್ನೂ ತೂಗಿ ಬರೆದ ವಾಕ್ಯಗಳು. ಅಲ್ಲಿ ಅವು ನಿಜವಾಗಿದ್ದವು. ಅವೇ ವಾಕ್ಯಗಳು, ಒಂದು ಅಲ್ಪವಿರಾಮವೂ ಕದಲದೆ, ಈ ಹೆಂಗಸಿನ ಮೇಲೆ ಬಂದು ಕೂತಿದ್ದವು. ಇಲ್ಲಿ ಯಾವ ಸಾಕ್ಷಿಯೂ ಇವಳಿಗೆ ಹೆದರಿರಲಿಲ್ಲ.

“ಕೂತುಕೊಳ್ಳಿ ರಾಘವನ್” ಎಂದೆ. “ಅವಳ ಫೋನಿನ ವರದಿ ಬಂತಾ?”

“ಬಂತು. ಅದರಲ್ಲಿ ಏನೂ ಇಲ್ಲ.”

“ಯಂತ್ರದ ವರದಿ?”

“ಬಂತು. ಕರಪತ್ರ ಅದರಲ್ಲೇ ಮಾಡಿದ್ದು.”

“ಅದನ್ನು ಅವಳೂ ಅಲ್ಲಗಳೆಯಲಿಲ್ಲ. ಅವಳಿಂದ ಇನ್ನು ತಿಳಿಯಬೇಕಾದದ್ದು ಎಂತ ಉಂಟು?”

“ಆ ಮನುಷ್ಯ ಯಾರು ಅಂತ.”

“ಗೊತ್ತಿಲ್ಲ ಅಂತ ಹೇಳಿದ್ದಾಳೆ. ಗೊತ್ತಿದ್ದರೂ ಅದನ್ನು ಕೇಳಲು ಅವಳು ಜೈಲಿನಲ್ಲೇ ಇರಬೇಕಾ?”

ರಾಘವನ್ ಕಡಲೆ ಮಿಠಾಯಿಯ ಕಾಗದ ಬಿಡಿಸುತ್ತ ಹೇಳಿದರು: “ಹುಟ್ಟಿದ್ದು ಕೇರಳದಲ್ಲಿ, ಬೆಳೆದದ್ದು ಕೇರಳದಲ್ಲಿ. ನನಗಿಂತ ಚುರುಕಾಗಿ ಮಲಯಾಳ ಮಾತಾಡುತ್ತಾಳೆ. ಓದಲು ಬರುವುದಿಲ್ಲವಂತೆ. ನೀವು ನಂಬುತ್ತೀರಾ?”

“ನಂಬುತ್ತೇನೆ. ನನಗೂ ಇಪ್ಪತ್ತೈದು ವರ್ಷದವರೆಗೆ ಬರುತ್ತಿರಲಿಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. ಮಲಯಾಳದ ಪಯ್ಯನ್ನೂರಿನಿಂದ ತುಳು, ಕನ್ನಡದ ಹೊಸಂಗಡಿ ಎಷ್ಟು ದೂರವೆಂದು ಅವರಿಗೆ ಅಂದು ಗೊತ್ತಾದ ಹಾಗೆ ಕಂಡಿತು. ಆದರೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವಳು ನಿರಪರಾಧಿ ಎಂದು ನಾನು ತೀರ್ಮಾನಿಸಿರಲಿಲ್ಲ. ಅದು ನನ್ನ ಕೆಲಸವೂ ಅಲ್ಲ. ನನ್ನ ಮುಂದಿದ್ದ ಪ್ರಶ್ನೆ ಚಿಕ್ಕದು: ಇನ್ನೂ ಒಳಗೆ ಇಡಲು ಕಾರಣ ಉಂಟೇ, ಇಲ್ಲವೇ?

“ಕಾರಣ ಹೇಳಿ, ಈಗಲೇ ಬರೆಯುತ್ತೇನೆ” ಎಂದೆ. “ಒಂದೇ ಒಂದು ಕಾರಣ.”

ಅವರು ಬಿಡಿಸಿದ ಮಿಠಾಯಿಯನ್ನು ಪುನಃ ಕಾಗದದಲ್ಲಿ ಸುತ್ತಿಟ್ಟರು. ಮತ್ತೆ, “ನಮಗೆ ಸಿಕ್ಕಿದ್ದು ಅವಳೊಬ್ಬಳೇ ಮೇಡಂ” ಎಂದರು.

ಅವರು ಕೆಟ್ಟವರಾಗಿರಲಿಲ್ಲ. ಸುಟ್ಟ ಕಾಲಿನ ಕಾವಲುಗಾರನನ್ನು ಆಸ್ಪತ್ರೆಯಲ್ಲಿ ವಾರವಾರ ನೋಡಿ ಬರುತ್ತಿದ್ದವರು ಅವರೇ. ಹೆಸರು ಬಂದ ಮನೆಗಳ ಮುಂದೆ ಕಾವಲು ಹಾಕಿಸಿದವರು ಅವರೇ. ಮೇಲಿನಿಂದ ದಿನಾ ಫೋನು ಬರುತ್ತಿತ್ತು. ಆ ದಿನ ಸಂಜೆಯೊಳಗೆ ನನಗೂ ಬಂತು. ಫೋನು ಮಾಡಿದವರ ಹುದ್ದೆ ಯಾವುದೆಂದು ಇಲ್ಲಿ ಬೇಡ. ಸಿಟ್ಟಿಲ್ಲದೆ, ಮೆತ್ತಗೆ ಕೇಳಿದರು: “ನಾಳೆ ಇನ್ನೊಂದು ಮನೆಗೆ ಬೆಂಕಿ ಬಿದ್ದರೆ ಉತ್ತರ ಯಾರು ಹೇಳುವುದು? ನೀವಾ?”

ಇದನ್ನು ಓದುವ ಹೊಸಬರಿಗೆ ಹೇಳುತ್ತೇನೆ, ಈ ಪ್ರಶ್ನೆ ನಿಮಗೂ ಬರುತ್ತದೆ, ಕೇಳುವವರು ಬೆದರಿಸಲೆಂದೇ ಕೇಳುತ್ತಾರೆಂದು ತಿಳಿಯಬೇಡಿ. ಅದು ನಿಜವಾದ ಪ್ರಶ್ನೆ. ನನಗೆ ಜಾನಕಿಯಮ್ಮನ ತೋಳು ನೆನಪಾಯಿತು. ಕರಪತ್ರದಲ್ಲಿದ್ದ ಹೆಸರುಗಳು ನೆನಪಾದವು. ನನ್ನ ನೇಮಕ ಅವಧಿಯ ಲೆಕ್ಕದ್ದು, ಅವಧಿ ಮುಗಿದಾಗ ಮುಂದುವರಿಸುವುದೂ ಬಿಡುವುದೂ ಸರ್ಕಾರಕ್ಕೆ ಬಿಟ್ಟದ್ದು ಎಂಬುದೂ ನೆನಪಾಗದೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೋರ್ಟಿಗೆ ಹೋಗುವ ಮೊದಲು ಪದ್ಮನಾಭ ಸರ್ ಮನೆಗೆ ಹೋದೆ. ಅವರಿಗೆ ಆಗ ಬಹಳ ವಯಸ್ಸಾಗಿತ್ತು. ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಫೋನಿನಲ್ಲಿ ಬಂದ ಪ್ರಶ್ನೆಯನ್ನೂ ಸೇರಿಸಿ. ಅವರು ಪೇಪರು ಮಡಚಿ ಕೇಳಿದರು:

“ಕಾರಣ ಉಂಟಾ?”

“ಇಲ್ಲ ಸರ್.”

“ಮತ್ತೆ ಎಂತ ಕೇಳ್ಲಿಕ್ಕೆ ಬಂದದ್ದು ನೀನು?”

“ಹೆದರಿಕೆ ಆಗ್ತದೆ ಸರ್.”

“ಆಗ್ಬೇಕು. ಹೆದರಿಕೆ ಆಗದವರು ಆ ಕುರ್ಚಿಯಲ್ಲಿ ಕೂರ್ಬಾರ್ದು.” ಒಳಗೆ ತಿರುಗಿ, “ಇವಳಿಗೆ ಒಂದು ಚಾ ಕೊಡಿ” ಎಂದು ಕೂಗಿದರು. ಚಾ ಕುಡಿಯುವಷ್ಟು ಹೊತ್ತು ಅವರು ಕೇಸಿನ ಸುದ್ದಿ ಎತ್ತಲೇ ಇಲ್ಲ. ನುಗ್ಗೆ ಮರಕ್ಕೆ ಕಂಬಳಿಹುಳ ಬಂದ ವಿಷಯ ಹೇಳಿದರು. ಹೊರಡುವಾಗ ಮಾತ್ರ, “ಸುಳ್ಳು ಬರೆಯುವುದು ಬೇಡ, ಅವಳಿಗೆ ಉಪಕಾರ ಆಗ್ಲಿ ಅಂತ ಕೂಡ ಬೇಡ” ಎಂದರು.

ಹಾಗೆಯೇ ಬರೆದೆ. ತನಿಖೆ ಇಲ್ಲಿಯವರೆಗೆ ಬಂದಿದೆ, ಈ ವರದಿಗಳು ಬಂದಿವೆ, ಮುಖ್ಯ ಆರೋಪಿ ಸಿಕ್ಕಿಲ್ಲ, ಅವನ ಹುಡುಕಾಟ ಮುಂದುವರಿಯಬೇಕು. ಎರಡನೇ ಆರೋಪಿಯನ್ನು ಇನ್ನೂ ಬಂಧನದಲ್ಲಿಡಲು ನಿರ್ದಿಷ್ಟ ಕಾರಣ ನನಗೆ ಕಂಡುಬಂದಿಲ್ಲ. ಒಂದೂವರೆ ಪುಟ. ನಾನು ಬರೆದ ವರದಿಗಳಲ್ಲೇ ಸಣ್ಣದು.

ಆ ದಿನ ಪುಷ್ಪಲತಾಳನ್ನು ಕೋರ್ಟಿಗೇ ಕರೆತಂದಿದ್ದರು. ನಾನು ಕಾಲು ನೋಡಿದೆ. ನಡಿಗೆ ಸರಿಯಿತ್ತು. ಮತ್ತೆ ಮುಖ ನೋಡಿದೆ. ಮೂವತ್ತೈದರ ಆಸುಪಾಸಿನ ಹೆಂಗಸು, ಕೂದಲು ಎಣ್ಣೆ ಕಾಣದೆ ಕೆಂಚಾಗಿತ್ತು. ನ್ಯಾಯಾಧೀಶರು ವರದಿ ಓದಿ ತಲೆಯೆತ್ತಿದರು.

“ಪ್ರಾಸಿಕ್ಯೂಷನ್ ಅವಧಿ ವಿಸ್ತರಣೆ ಕೇಳುತ್ತಿಲ್ಲವೇ?”

“ಕೇಳಲು ನನ್ನಲ್ಲಿ ಕಾರಣ ಇಲ್ಲ, ಸರ್.”

ನನ್ನ ಹಿಂದಿನ ಕುರ್ಚಿ ಜರುಗಿದ ಶಬ್ದ ಕೇಳಿತು. ರಾಘವನ್ ಎದ್ದು ಹೊರಗೆ ಹೋದರು. ನ್ಯಾಯಾಧೀಶರು ಇನ್ನೂ ಎರಡು ಪ್ರಶ್ನೆ ಕೇಳಿದರು, ಉತ್ತರ ಬರೆದುಕೊಂಡರು, ಆದೇಶ ಹೇಳಿದರು. ಎಲ್ಲವೂ ಇಂಗ್ಲಿಷಿನಲ್ಲಿ. ಪುಷ್ಪಲತಾ ಪಕ್ಕದ ಮಹಿಳಾ ಪೊಲೀಸಿನ ತೋಳು ಮುಟ್ಟಿ ಕೇಳಿದ್ದು ನನಗೆ ಕೇಳಿಸಿತು.

“ಎಂತ ಹೇಳಿದ್ದು ಅವರು?”

“ಈ ವಾರ ಮನೆಗೆ ಹೋಗ್ಬಹುದು ನೀನು. ಜಾಮೀನಿಗೆ ಜನ ನೋಡ್ಲಿಕ್ಕೆ ಹೇಳು.”

“ಪುನಃ ಯಾವಾಗ ಕರ್ಕೊಂಡು ಬರ್ತೀರಿ?”

ಆ ಮಹಿಳಾ ಪೊಲೀಸ್ ಅವಳ ಬೆನ್ನಿನ ಮೇಲೆ ಕೈಯಿಟ್ಟು ಮುಂದೆ ನಡೆಸಿದಳು.

ಅವಧಿ ತುಂಬಿತು, ಆರೋಪಪಟ್ಟಿ ಹಾಕಲು ಆಗಲಿಲ್ಲ, ಜಾಮೀನಾಯಿತು. ಆಮೇಲಿನ ತಿಂಗಳುಗಳು ನನಗೆ ಸುಲಭದ್ದಾಗಿರಲಿಲ್ಲ. ಬೆಳಿಗ್ಗೆ ಪೇಪರು ಬಿಡಿಸುವಾಗ ಮೊದಲು ದೇಲಂಪಾಡಿ ಎಂಬ ಹೆಸರನ್ನು ಹುಡುಕುತ್ತಿದ್ದೆ. ಕ್ಯಾಂಟೀನಿನಲ್ಲಿ ಒಂದಿಬ್ಬರು ನಾನು ಬರುವಾಗ ಮಾತು ನಿಲ್ಲಿಸುತ್ತಿದ್ದರು.

ಮತ್ತೆ ಬೆಂಕಿ ಬೀಳಲಿಲ್ಲ. ಅದು ನನ್ನ ನಿರ್ಧಾರ ಸರಿಯೆಂಬುದಕ್ಕೆ ಸಾಕ್ಷಿಯಲ್ಲ. ಬಿದ್ದಿದ್ದರೆ ತಪ್ಪೆಂಬುದಕ್ಕೂ ಸಾಕ್ಷಿಯಾಗುತ್ತಿರಲಿಲ್ಲ ಎಂದು ಈಗ ಹೇಳಬಲ್ಲೆ, ಆಗ ಹೇಳುವ ಧೈರ್ಯ ಇರಲಿಲ್ಲ. ಹೆಲ್ಮೆಟ್ಟಿನ ಮನುಷ್ಯ ಇಂದಿಗೂ ಸಿಕ್ಕಿಲ್ಲ. ಪುಷ್ಪಲತಾಳ ಮೇಲೆ ಆ ಕಾಯ್ದೆಯಡಿ ಕೇಸು ನಡೆಸಲು ಬೇಕಾದ ಸರ್ಕಾರದ ಅನುಮತಿ ಸಿಗಲಿಲ್ಲ. ಕೆಲವು ವರ್ಷಗಳ ನಂತರ ಅವಳ ಹೆಸರನ್ನು ಕೇಸಿನಿಂದ ಕೈಬಿಟ್ಟರು. ಅಷ್ಟರಲ್ಲಿ ನನ್ನ ಅವಧಿ ಮುಗಿದು, ಬೇರೆಯವರನ್ನು ನೇಮಿಸಿಯಾಗಿತ್ತು. ಬೇಸರವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ಕುರ್ಚಿ, ಅದರ ಸಡಿಲ ಬಲಗೈ, ಕಿಟಕಿಯ ಹೊರಗಿನ ಗೇರುಮರ, ಟಪಾಲಿನ ಹುಡುಗಿ ಬೆಳಿಗ್ಗೆ ತಂದಿಡುವ ಕಡತಗಳ ರಾಶಿ, ಎಲ್ಲವೂ ಈಗಲೂ ನೆನಪಾಗುತ್ತವೆ. ಪುನಃ ಖಾಸಗಿ ವಕಾಲತ್ತು ಹಿಡಿದೆ. ಬೇಲಿ ತಕರಾರು, ವಾಹನ ಅಪಘಾತ, ಗಂಡ ಹೆಂಡತಿ ಜಗಳ. ಮಂಡಿ ಒಪ್ಪುವಷ್ಟು ಕಾಲ ನಡೆಸಿದೆ.

ರಾಘವನ್ ತುಂಬ ದಿನ ನನ್ನ ಜೊತೆ ಮಾತಾಡಲಿಲ್ಲ. ವರಾಂಡದಲ್ಲಿ ಎದುರಾದರೆ ಕಡತ ನೋಡುತ್ತ ದಾಟಿಹೋಗುತ್ತಿದ್ದರು. ಬೇರೆ ಜಿಲ್ಲೆಗೆ ವರ್ಗವಾದಾಗ ಒಂದು ಮಧ್ಯಾಹ್ನ ನನ್ನ ಆಫೀಸಿಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತರು.

“ನನ್ನ ಸಿಟ್ಟು ಹೋಗಿಲ್ಲ ಮೇಡಂ. ಅವಳು ಒಳಗಿದ್ದಿದ್ದರೆ ಏನಾದರೂ ಬಾಯಿಬಿಡುತ್ತಿದ್ದಳು ಅಂತ ಈಗಲೂ ನನಗನಿಸುತ್ತದೆ.”

“ಇರಬಹುದು” ಎಂದೆ.

“ಆದರೆ ನಿಮ್ಮ ಆ ವರದಿ ಉಂಟಲ್ಲ, ಮಾದರಿ. ಅದನ್ನು ಕಂಪ್ಯೂಟರಿನಿಂದ ಅಳಿಸಿ ಹಾಕಿದ್ದೇನೆ. ನಮ್ಮ ಹುಡುಗರಿಗೆ ತುಂಬ ಕಷ್ಟವಾಗಿದೆ. ಈಗ ಪ್ರತಿ ಸಲವೂ ಹೊಸದಾಗಿ ಬರೆಯಬೇಕು.” ಜೇಬಿನಿಂದ ಎರಡು ಕಡಲೆ ಮಿಠಾಯಿ ತೆಗೆದು ಮೇಜಿನ ಮೇಲಿಟ್ಟು ಹೋದರು. ಈಗ ಅವರೂ ನಿವೃತ್ತರು. ವಿಷು ಹಬ್ಬಕ್ಕೆ ಫೋನು ಮಾಡುತ್ತಾರೆ. ಪ್ರತಿ ಸಲವೂ ಆ ಕೇಸಿನ ಮಾತು ಬರುತ್ತದೆ, ಪ್ರತಿ ಸಲವೂ ಇಬ್ಬರೂ ತಂತಮ್ಮ ಮಾತಿನಲ್ಲೇ ನಿಲ್ಲುತ್ತೇವೆ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಹೊಸಂಗಡಿಗೆ ಹೋಗಬೇಕಾಯಿತು. ನನ್ನ ತಮ್ಮನ ಜಾಗದ ತೆರಿಗೆ ರಶೀದಿಯ ಜೆರಾಕ್ಸ್ ಬೇಕಿತ್ತು. ಹೆದ್ದಾರಿ ಅಗಲ ಮಾಡುವಾಗ ಹಳೆಯ ಅಂಗಡಿಗಳೆಲ್ಲ ಹೋಗಿ ಪೇಟೆಯ ಗುರುತೇ ಸಿಗುತ್ತಿರಲಿಲ್ಲ. ಆಟೋದವನು, “ಆ ಸಂದಿಯಲ್ಲಿ ಒಂದು ಉಂಟು ನೋಡಿ, ಆದ್ರೆ ಸ್ವಲ್ಪ ತಡ ಆಗ್ತದೆ” ಎಂದ. ಯಾಕೆ ತಡವೆಂದು ಹೇಳಲಿಲ್ಲ.

ಒಳಗೆ ಯಂತ್ರದ ಹತ್ತಿರ ಇದ್ದವಳು ಪುಷ್ಪಲತಾ. ಕೂದಲು ಅರ್ಧ ನರೆತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳೆಂದು ಅವಳ ಕಣ್ಣಿನಿಂದ ಗೊತ್ತಾಯಿತು. ಇಬ್ಬರೂ ಆ ಮಾತು ಎತ್ತಲಿಲ್ಲ. ಮಗಳು ನರ್ಸಿಂಗ್ ಓದುತ್ತಿದ್ದಾಳೆ ಎಂದಳು, ತಾಯಿ ತೀರಿಕೊಂಡರು ಎಂದಳು. ನಾನು ರಶೀದಿ ಮುಂದೆ ಹಿಡಿದು, “ಎರಡು ಕಾಪಿ” ಎಂದೆ.

ಅವಳು ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಮಲಯಾಳದಲ್ಲಿತ್ತು. ಪುನಃ ನನ್ನ ಕೈಗೇ ಕೊಟ್ಟಳು.

“ಇದರಲ್ಲಿ ಎಂತ ಬರೆದುಂಟು ಅಂತ ಒಮ್ಮೆ ಓದಿ ಹೇಳ್ತೀರಾ ಮೇಡಂ? ಬೇಜಾರು ಮಾಡ್ಬೇಡಿ. ನಾನು ಎಲ್ಲರ ಹತ್ರವೂ ಕೇಳುವುದು.”

“ಪೂರ್ತಿ ಓದಬೇಕಾ?”

“ಪೂರ್ತಿ.”

ಕನ್ನಡಕ ಹಾಕಿಕೊಂಡು ಓದಿದೆ. ಗ್ರಾಮದ ಹೆಸರು, ತಮ್ಮನ ಹೆಸರು, ನಮ್ಮ ಅಪ್ಪನ ಹೆಸರು, ಸರ್ವೆ ನಂಬರು, ಕಟ್ಟಿದ ಹಣ, ಕೆಳಗೆ ಸಣ್ಣಕ್ಷರದಲ್ಲಿದ್ದ ಸೂಚನೆ. ಒಂದೊಂದು ಸಾಲನ್ನೂ ಮಲಯಾಳದಲ್ಲಿ ಓದಿ, ತುಳುವಿನಲ್ಲಿ ಹೇಳಿದೆ. ಅವಳು ಯಂತ್ರದ ಮೇಲೆ ಕೈಯಿಟ್ಟುಕೊಂಡು, ತಲೆ ಒಂದು ಕಡೆಗೆ ವಾಲಿಸಿ, ಕೊನೆಯ ಶಬ್ದದವರೆಗೂ ಕೇಳಿದಳು. ಆಮೇಲೆ ಗುಂಡಿ ಒತ್ತಿದಳು.

ದುಡ್ಡು ಕೊಟ್ಟು ತಿರುಗಿದೆ. ನನ್ನ ಹಿಂದೆ ಮೂರು ನಾಲ್ಕು ಜನ ನಿಂತಿದ್ದರು. ಯಾರೂ ಗೊಣಗಲಿಲ್ಲ. ಒಬ್ಬರ ಕೈಯಲ್ಲಿ ರೇಷನ್ ಕಾರ್ಡು, ಇನ್ನೊಬ್ಬರ ಕೈಯಲ್ಲಿ ಆಸ್ಪತ್ರೆಯ ಚೀಟಿ, ಒಬ್ಬ ಅಜ್ಜನ ಕೈಯಲ್ಲಿ ಮೊಮ್ಮಗಳ ಮದುವೆಯ ಕಾಗದ. ಅಜ್ಜ ಅದನ್ನು ಬಿಡಿಸಿ ಕಣ್ಣಿನ ಹತ್ತಿರ ಹಿಡಿದುಕೊಂಡು, ತನ್ನ ಸರದಿ ಬಂದಾಗ ತಡವರಿಸಬಾರದೆಂದು, ತುಟಿ ಅಲ್ಲಾಡಿಸುತ್ತ ಆಗಲೇ ಓದತೊಡಗಿದ್ದ.